ಸಹಿ ಹಾಕಿದವರು, ಹಾಕಿಸಿದವರು

ಅಮೆರಿಕದ ಸೇನೆಯಲ್ಲಿ ವರ್ಣಭೇದ ಕೊನೆಗಾಣಿಸಿದ ಕೀರ್ತಿಯನ್ನು ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರೊಬ್ಬರಿಗೇ ಕಟ್ಟುವುದು ವಾಡಿಕೆ. 1948ರ ಜುಲೈ 26ರಂದು ಸೇನೆಯಲ್ಲಿ ಎಲ್ಲ ಜನಾಂಗದವರಿಗೂ ಸಮಾನ ಅವಕಾಶ ಸಿಗಬೇಕೆಂದು ಅವರು ಹೊರಡಿಸಿದ 9981ನೇ ಆದೇಶ ದೊಡ್ಡದು, ನಿಜ. ಆದರೆ ಆ ಸಹಿ ಹಾಕಿಸಿದವರನ್ನು ಬಿಟ್ಟು ಈ ಚರಿತ್ರೆ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ಎರಡನೇ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕಪ್ಪುವರ್ಣೀಯರು ಅಮೆರಿಕದ ಸಮವಸ್ತ್ರ ತೊಟ್ಟಿದ್ದರು. ಅವರ ತುಕಡಿ ಬೇರೆ, ಊಟದ ಪಂಕ್ತಿ ಬೇರೆ, ಮಲಗುವ ಬ್ಯಾರಕ್ ಬೇರೆ. ಹೆಚ್ಚಿನವರ ಪಾಲಿಗೆ ಬಂದದ್ದು ಹಡಗಿನ ಸರಕು ಇಳಿಸುವ, ರಸ್ತೆ ಮಾಡುವ, ಲಾರಿ ಓಡಿಸುವ ಕೆಲಸ. ಗಾಯಾಳುಗಳಿಗೆಂದು ಅವರು ಕೊಟ್ಟ ರಕ್ತವನ್ನೂ ರೆಡ್‌ಕ್ರಾಸ್ ಬಿಳಿಯರ ರಕ್ತದ ಜೊತೆ ಸೇರಿಸದೆ ಪ್ರತ್ಯೇಕವಾಗಿ ಇಡುತ್ತಿತ್ತು. ಹಿಟ್ಲರನ ಜನಾಂಗದ್ವೇಷದ ವಿರುದ್ಧ ಯುದ್ಧಕ್ಕೆ ಹೊರಟ ದೇಶದ ನಡವಳಿಕೆ ಇದು!

ಐಸಾಕ್ ವುಡಾರ್ಡ್ ಪೆಸಿಫಿಕ್ ರಣರಂಗದಿಂದ ಮರಳಿದ ಸಾರ್ಜೆಂಟ್. 1946ರ ಫೆಬ್ರವರಿ 12ರಂದು ಸೇನೆಯಿಂದ ಗೌರವಪೂರ್ವಕವಾಗಿ ಬಿಡುಗಡೆಯಾಗಿ, ಇನ್ನೂ ಸಮವಸ್ತ್ರದಲ್ಲೇ ಬಸ್ಸು ಹತ್ತಿ ಮನೆಗೆ ಹೊರಟಿದ್ದರು. ದಾರಿಯಲ್ಲಿ ಶೌಚಕ್ಕೆ ಬಸ್ಸು ನಿಲ್ಲಿಸಿ ಎಂದು ಕೇಳಿದ್ದಕ್ಕೆ ಚಾಲಕ ಗದರಿದ, ಇವರೂ ಎದುರು ಮಾತಾಡಿದರು. ದಕ್ಷಿಣ ಕೆರೊಲಿನಾದ ಬೇಟ್ಸ್‌ಬರ್ಗ್‌ನಲ್ಲಿ ಚಾಲಕ ಪೊಲೀಸರನ್ನು ಕರೆದ. ಅಲ್ಲಿನ ಪೊಲೀಸ್ ಮುಖ್ಯಸ್ಥ ಲಾಠಿಯಿಂದ ಬಡಿದ ಏಟಿಗೆ ಇಪ್ಪತ್ತಾರು ವರ್ಷದ ಆ ಯೋಧ ಎರಡೂ ಕಣ್ಣು ಕಳೆದುಕೊಂಡರು. ಮರುದಿನ ದಂಡ ಬಿದ್ದದ್ದೂ ಅವರಿಗೇ. ಹೊಡೆದವನನ್ನು ಬಿಳಿಯರೇ ತುಂಬಿದ್ದ ಜ್ಯೂರಿ ಅರ್ಧ ಗಂಟೆಯೊಳಗೆ ನಿರ್ದೋಷಿ ಎಂದಿತು. ಈ ಸಂಗತಿ ಕೇಳಿ ಟ್ರೂಮನ್ ಕಲಕಿಹೋದರು. ಅದನ್ನು ನಾನು ಒಪ್ಪುತ್ತೇನೆ.

ಆದರೂ ಮರುಕದಿಂದ ಆದೇಶ ಹೊರಡಲಿಲ್ಲ. ಅದಕ್ಕೆ ಮತ್ತೆ ಎರಡು ವರ್ಷ ಬೇಕಾಯಿತು. 1948ರ ಮಾರ್ಚ್‌ನಲ್ಲಿ ಕಪ್ಪುವರ್ಣೀಯ ಕಾರ್ಮಿಕ ನಾಯಕ ಎ. ಫಿಲಿಪ್ ರ‍್ಯಾಂಡಾಲ್ಫ್ ಶ್ವೇತಭವನಕ್ಕೇ ಹೋಗಿ, ತಾರತಮ್ಯ ಉಳಿದರೆ ನಮ್ಮ ಹುಡುಗರು ಕೋವಿ ಹಿಡಿಯುವುದಿಲ್ಲ ಎಂದು ಟ್ರೂಮನ್ ಮುಖಕ್ಕೇ ಹೇಳಿದರು. ಸೆನೆಟ್ ಸಮಿತಿಯ ಮುಂದೆ, ಇದು ದೇಶದ್ರೋಹ ಎನಿಸಿಕೊಂಡೀತು ಎಂಬ ಎಚ್ಚರಿಕೆ ಬಂದಾಗಲೂ ಜಗ್ಗಲಿಲ್ಲ. ಅದು ಚುನಾವಣೆಯ ವರ್ಷ; ಉತ್ತರದ ನಗರಗಳಲ್ಲಿ ಕಪ್ಪುವರ್ಣೀಯರ ಮತಗಳಿಗೆ ಬೆಲೆಯಿತ್ತು. ಜೈಲಿಗೆ ಹೋಗಲು ಸಿದ್ಧರಿದ್ದ ಇಂಥವರ ಒತ್ತಡ ಇಲ್ಲದಿದ್ದರೆ ಆ ಕಾಗದ ಮೇಜಿನ ಮೇಲೇ ಕೊಳೆಯುತ್ತಿತ್ತು ಎಂಬುದು ನನ್ನ ನಂಬಿಕೆ.

ಸಹಿಯಾದ ಮೇಲೂ ಭೂಸೇನೆ ಕಾಲೆಳೆಯಿತು. ಸೇನೆ ಇರುವುದು ಸಮಾಜ ಬದಲಿಸಲಿಕ್ಕಲ್ಲ ಎಂದು ಅದರ ಕಾರ್ಯದರ್ಶಿ ಕೆನೆತ್ ರಾಯಲ್ ವಾದಿಸಿದರು. ಬೇರ್ಪಡಿಸಿ ಇಡುವುದೂ ಒಂದು ಸಾಮಾಜಿಕ ವ್ಯವಸ್ಥೆಯೇ ತಾನೆ? ಅದನ್ನು ಅಷ್ಟು ವರ್ಷ ಶಿಸ್ತಿನಿಂದ ಕಾಪಾಡಿದ್ದು ಇದೇ ಸೇನೆಯಲ್ಲವೆ? ಕೊನೆಗೆ ಕೊರಿಯಾ ಯುದ್ಧದಲ್ಲಿ ಬಿಳಿಯರ ತುಕಡಿಗಳು ಸಾವುನೋವಿನಿಂದ ಬರಿದಾದಾಗ, ಖಾಲಿ ಜಾಗಗಳಿಗೆ ಕಪ್ಪು ಸೈನಿಕರನ್ನು ಕಳಿಸಿದರು. ಜೊತೆಯಾಗಿ ಹೋರಾಡಿದರೆ ಸೇನೆ ಕೆಡುತ್ತದೆ ಎಂಬ ವಾದ ಅಲ್ಲಿ ನೆಲಕಚ್ಚಿತು. ಕಪ್ಪುವರ್ಣೀಯರದೇ ಆದ ಕಡೆಯ ತುಕಡಿ ರದ್ದಾದದ್ದು 1954ರಲ್ಲಿ, ಟ್ರೂಮನ್ ಅಧಿಕಾರದಿಂದ ಇಳಿದ ಮರುವರ್ಷ.