ಮಾರುವ ಕೆಲಸವನ್ನು "ಆಮೇಲೆ" ಅಂತ ಮುಂದಕ್ಕೆ ಹಾಕಬೇಡಿ

"ಮೊದಲು ಪ್ರಾಡಕ್ಟ್ ಪೂರ್ತಿ ಆಗಲಿ, ಮಾರ್ಕೆಟಿಂಗ್ ಆಮೇಲೆ ನೋಡೋಣ."

ಹೊಸದಾಗಿ ಸ್ಟಾರ್ಟಪ್ ಶುರು ಮಾಡಿದವರ ಜೊತೆ ಕೂತಾಗಲೆಲ್ಲ ಈ ಮಾತು ಬಂದೇ ಬರುತ್ತದೆ. ಕೇಳಲು ಸರಿಯಾಗಿಯೇ ಇದೆ. ಇನ್ನೂ ಇಲ್ಲದ್ದನ್ನು ಹೇಗೆ ಮಾರುವುದು, ಅಲ್ವಾ? ಆದರೆ ಶುರುವಿನ ದಿನಗಳಲ್ಲಿ ಇದಕ್ಕಿಂತ ದುಬಾರಿ ಆಲೋಚನೆ ಇನ್ನೊಂದಿಲ್ಲ ಅಂತ ನನಗನಿಸುತ್ತದೆ.

ಆ ಹಂತದಲ್ಲಿ ಏನು ಕಟ್ಟಬೇಕು ಅನ್ನುವುದೇ ಯಾರಿಗೂ ಗೊತ್ತಿರುವುದಿಲ್ಲ. ಫೌಂಡರ್ ತಲೆಯಲ್ಲಿರುವುದು ಒಂದು ಊಹೆ ಅಷ್ಟೇ. ಅದು ಎಲ್ಲಿ ತಪ್ಪಿದೆ ಅಂತ ಗೊತ್ತಾಗುವುದು ಪರಿಚಯವಿಲ್ಲದ ಯಾರೋ ಒಬ್ಬರು "ನನಗಿದು ಬೇಡ" ಅಂದಾಗ. ಆ "ಬೇಡ" ಕೋಡ್ ಬರೆಯುವವರ ಕಿವಿಗೇ ಬೀಳಬೇಕು. ನಡುವೆ ಒಬ್ಬ ಸೇಲ್ಸ್ ಮ್ಯಾನೇಜರೋ ಒಂದು ಏಜೆನ್ಸಿಯೋ ಬಂದು ನಿಂತರೆ ಅದು ಸೋಸಿಕೊಂಡು ಬರುತ್ತದೆ. "ಅವರಿಗೆ ಆಸಕ್ತಿ ಇದೆಯಂತೆ, ಇನ್ನೊಂದು ಫೀಚರ್ ಹಾಕಿಕೊಟ್ಟರೆ ತಗೊಳ್ತಾರಂತೆ" ಅಂತ. ತಂಡ ಆ ಫೀಚರ್ ಕಟ್ಟುತ್ತದೆ. ಗ್ರಾಹಕರು ಬರುವುದಿಲ್ಲ. ಮುಂದಿನ ಮೀಟಿಂಗ್‌ಗೆ ಇನ್ನೊಂದು ಫೀಚರ್. ಹೀಗೆ ಓಡುತ್ತಿರುವ ಹೊತ್ತಿಗೆ ಕೈಯಲ್ಲಿದ್ದ ದುಡ್ಡು ಖಾಲಿ.

ದೊಡ್ಡ ಹೆಸರು ಮಾಡಿದ ಕಂಪನಿಗಳ ಶುರುವಿನ ಕಥೆಗಳನ್ನು ನೋಡಿ. ಕಟ್ಟುವವರು ಮತ್ತು ಮಾರುವವರು ಬೇರೆ ಬೇರೆ ಇರಲಿಲ್ಲ. ಆನ್‌ಲೈನ್ ಪಾವತಿಯ ಸ್ಟ್ರೈಪ್ ಶುರು ಮಾಡಿದ ಪ್ಯಾಟ್ರಿಕ್ ಮತ್ತು ಜಾನ್ ಕಾಲಿಸನ್ ಸಹೋದರರು ಬಹಳ ಸಲ ಹೇಳಿಸಿಕೊಂಡ ಉದಾಹರಣೆ. ಯಾರಾದರೂ "ಸರಿ, ಬಳಸಿ ನೋಡ್ತೀನಿ" ಅಂದರೆ ಅವರು "ಲಿಂಕ್ ಕಳಿಸ್ತೀವಿ" ಅನ್ನುತ್ತಿರಲಿಲ್ಲ. "ನಿಮ್ಮ ಲ್ಯಾಪ್‌ಟಾಪ್ ಕೊಡಿ" ಅಂತ ಅಲ್ಲೇ ಕೂತು ಸೆಟಪ್ ಮಾಡಿಬಿಡುತ್ತಿದ್ದರು. ಹೊಸ ಸ್ಟಾರ್ಟಪ್‌ಗಳಿಗೆ ಬಂಡವಾಳ ಕೊಟ್ಟು ಬೆಳೆಸುವ ವೈ ಕಾಂಬಿನೇಟರ್ ಬಳಗದಲ್ಲಿ ಇದಕ್ಕೆ "ಕಾಲಿಸನ್ ಇನ್‌ಸ್ಟಲೇಷನ್" ಅಂತಲೇ ಹೆಸರು ಬಿತ್ತು. ಇದನ್ನು ಜನ ಸಾಮಾನ್ಯವಾಗಿ ಮಾರಾಟದ ಛಲದ ಕಥೆ ಅಂತ ಹೇಳುತ್ತಾರೆ. ನನಗೆ ಕಾಣುವುದು ಬೇರೆ. ಬೇರೆಯವರ ಲ್ಯಾಪ್‌ಟಾಪ್‌ನಲ್ಲಿ ನೀವೇ ಸೆಟಪ್ ಮಾಡುವಾಗ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಯಾವ ಎರರ್ ಮೆಸೇಜ್ ಯಾರಿಗೂ ಅರ್ಥವಾಗುವುದಿಲ್ಲ, ಎಲ್ಲಾ ಕಣ್ಣೆದುರೇ ನಡೆಯುತ್ತದೆ. ಮಾರ್ಕೆಟಿಂಗ್ ಮತ್ತು ಟೆಸ್ಟಿಂಗ್ ಒಂದೇ ಸಲ ಕೂತಾಗ ಮುಗಿಯಿತು.

ಜನ ತಮ್ಮ ಮನೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಏರ್‌ಬಿಎನ್‌ಬಿ ಸೈಟ್‌ನ ಕಥೆಯೂ ಹೀಗೇ. 2009ರಲ್ಲಿ ನ್ಯೂಯಾರ್ಕ್‌ನ ಮನೆಗಳಿಗೆ ಬುಕಿಂಗ್ ಬರುತ್ತಿರಲಿಲ್ಲ. ನೋಡಿದರೆ ಫೋಟೋಗಳೇ ಸರಿ ಇಲ್ಲ. ಫೌಂಡರ್‌ಗಳು ತಾವೇ ಅಲ್ಲಿಗೆ ಹೋಗಿ, ಕ್ಯಾಮೆರಾ ಬಾಡಿಗೆಗೆ ತಂದು, ಮನೆಮನೆಗೆ ಹೋಗಿ ಚಿತ್ರ ತೆಗೆದರು. ಆದಾಯ ಏರತೊಡಗಿತು. ಫೋಟೋ ತೆಗೆಯುವ ನೆಪದಲ್ಲಿ ಮನೆಯವರ ಜೊತೆ ಕೂತು ಮಾತಾಡಿದ್ದರಲ್ಲ, ಅದು ಇನ್ನೂ ದೊಡ್ಡ ಲಾಭ.

ಆದರೆ ಬಳಕೆದಾರರ ಜೊತೆ ಮಾತಾಡುವುದು ಹೇಳಿದಷ್ಟು ಸುಲಭವಲ್ಲ. ಜನ ಒಳ್ಳೆಯವರು. ನಿಮ್ಮ ಮನಸ್ಸು ನೋಯಿಸಲು ಯಾರಿಗೂ ಇಷ್ಟವಿಲ್ಲ. ಡೆಮೊ ತೋರಿಸಿದರೆ "ತುಂಬಾ ಚೆನ್ನಾಗಿದೆ, ಇದು ಬೇಕಿತ್ತು" ಅನ್ನುತ್ತಾರೆ. ಆಮೇಲೆ ಒಂದು ಸಲವೂ ಲಾಗಿನ್ ಆಗುವುದಿಲ್ಲ. ಅದಕ್ಕೇ "ಇಂಥದ್ದೊಂದು ಬಂದರೆ ಬಳಸ್ತೀರಾ?" ಅಂತ ಕೇಳಲೇಬಾರದು. ಬಳಸುತ್ತೇನೆ ಅನ್ನಲು ಏನು ಖರ್ಚು? ಕಳೆದ ತಿಂಗಳು ಈ ಸಮಸ್ಯೆ ಬಂದಾಗ ಏನು ಮಾಡಿದಿರಿ, ಎಷ್ಟು ಹೊತ್ತು ಹಿಡಿಯಿತು, ಅದಕ್ಕೆ ಈಗಾಗಲೇ ಯಾವುದಕ್ಕಾದರೂ ದುಡ್ಡು ಕೊಡುತ್ತಿದ್ದೀರಾ ಅಂತ ಕೇಳಿ. "ಅಯ್ಯೋ, ಒಂದು ಎಕ್ಸೆಲ್ ಶೀಟ್ ಇಟ್ಟುಕೊಂಡಿದೀವಿ, ಹಾಗೋ ಹೀಗೋ ನಡೀತಿದೆ" ಅಂದರೆ ನಿಮ್ಮ ನಿಜವಾದ ಎದುರಾಳಿ ಆ ಎಕ್ಸೆಲ್ ಶೀಟ್, ನೀವು ಸ್ಲೈಡ್‌ನಲ್ಲಿ ಹೋಲಿಸಿಕೊಂಡ ದೊಡ್ಡ ಕಂಪನಿ ಅಲ್ಲ. ಏನೂ ಮಾಡಲಿಲ್ಲ, ಸುಮ್ನೆ ಬಿಟ್ಟೆವು ಅಂದರೆ ಅದು ಅವರಿಗೆ ಸಮಸ್ಯೆಯೇ ಅಲ್ಲ. ಎದ್ದು ಬನ್ನಿ.

ಮಾತು ಮುಗಿಯುವಾಗ ಅವರಿಗೆ ಸ್ವಲ್ಪ ಭಾರವಾಗುವಂಥದ್ದನ್ನು ಏನಾದರೂ ಕೇಳಿ. ಸಣ್ಣ ಮೊತ್ತದ ಮುಂಗಡ, ತಂಡದ ಜೊತೆ ಒಂದು ಗಂಟೆ, ಅಥವಾ ನಿರ್ಧಾರ ಮಾಡುವವರ ಪರಿಚಯ. ಕೊಟ್ಟರೆ ಆಸಕ್ತಿ ನಿಜ. ಮಾತು ತೇಲಿಸಿದರೆ ಅದೂ ಉತ್ತರವೇ. ಕೊನೆಯಿಲ್ಲದ ಉಚಿತ ಪೈಲಟ್‌ಗಳ (ಕೊಳ್ಳುವ ಮುಂಚಿನ ಪ್ರಾಯೋಗಿಕ ಬಳಕೆಯ) ಬಗ್ಗೆ ನನಗೆ ತುಂಬಾ ಅನುಮಾನ. ದುಡ್ಡು ಕೊಡದವರು ಬೈಯುವುದೂ ಇಲ್ಲ. ಬೈಗುಳ ಸಿಗದ ಪೈಲಟ್‌ನಿಂದ ಕಲಿಯುವುದು ಬಹಳ ಕಡಿಮೆ.

ಬಳಸುವವರು ಒಂದಷ್ಟು ಸೇರಿದ ಮೇಲೆ ಅವರಿಗೆ ಕೇಳಬಹುದಾದ ಒಂದು ಒಳ್ಳೆಯ ಪ್ರಶ್ನೆ ಇದೆ. ಫೈಲ್‌ಗಳನ್ನು ಇಂಟರ್‌ನೆಟ್‌ನಲ್ಲಿ ಇಟ್ಟುಕೊಳ್ಳಲು ಜಾಗ ಕೊಡುವ ಡ್ರಾಪ್‌ಬಾಕ್ಸ್‌ನ ಶುರುವಿನ ದಿನಗಳಲ್ಲಿ ಮಾರ್ಕೆಟಿಂಗ್ ನೋಡಿಕೊಂಡಿದ್ದ ಶಾನ್ ಎಲ್ಲಿಸ್ ಇದನ್ನು ಹೆಸರುವಾಸಿ ಮಾಡಿದರು. "ನಾಳೆಯಿಂದ ಈ ಪ್ರಾಡಕ್ಟ್ ಸಿಗುವುದಿಲ್ಲ ಅಂದರೆ ನಿಮಗೆ ಹೇಗನಿಸುತ್ತದೆ?" ಕನಿಷ್ಠ ಶೇ. 40ರಷ್ಟು ಜನ "ತುಂಬಾ ಬೇಜಾರಾಗುತ್ತದೆ" ಅಂದರೆ ನೀವು ಸರಿ ದಾರಿಯಲ್ಲಿದ್ದೀರಿ ಅನ್ನುವುದು ಅವರ ಲೆಕ್ಕ. ಸೂಪರ್‌ಹ್ಯೂಮನ್ ಅನ್ನುವ ಈಮೇಲ್ ಆ್ಯಪ್‌ನ ರಾಹುಲ್ ವೋಹ್ರಾ ಇದನ್ನು ಕೇಳಿದಾಗ ಬಂದದ್ದು ಬರೀ ಶೇ. 22. ಆಮೇಲೆ ಅವರು ಮಾಡಿದ್ದು ನೋಡಿ. ಎಲ್ಲರನ್ನೂ ಖುಷಿಪಡಿಸಲು ಹೋಗಲಿಲ್ಲ. ತುಂಬಾ ಬೇಜಾರಾಗುತ್ತದೆ ಅಂದವರು ಯಾರು, ಅವರಿಗೆ ಏನು ಇಷ್ಟ ಅಂತ ಹುಡುಕಿದರು. ಮುಖ್ಯವಾಗಿ ಸಿಕ್ಕಿದ್ದು ವೇಗ. ಆಮೇಲೆ "ಸ್ವಲ್ಪ ಬೇಜಾರಾಗುತ್ತದೆ" ಅಂದವರಲ್ಲಿ ವೇಗವನ್ನೇ ಮೆಚ್ಚಿದವರನ್ನು ಆರಿಸಿ, ಅವರನ್ನು ತಡೆಯುತ್ತಿರುವುದು ಏನು ಅಂತ ನೋಡಿದರು. ಮೊಬೈಲ್ ಆ್ಯಪ್ ಇಲ್ಲ ಅನ್ನುವುದೇ ಅವರ ದೊಡ್ಡ ದೂರು. ವೇಗವೇ ಬೇಕಿಲ್ಲದವರ ಬೇಡಿಕೆಗಳನ್ನು ನಯವಾಗಿ ಪಕ್ಕಕ್ಕಿಟ್ಟರು. ಕೆಲಸದ ಅರ್ಧ ಪಾಲು ಇಷ್ಟಪಟ್ಟವರಿಗೆ, ಇನ್ನರ್ಧ ಹೊಸ್ತಿಲಲ್ಲಿ ನಿಂತವರಿಗೆ. ಅಂಕಿ ಶೇ. 58ಕ್ಕೆ ಏರಿತು. ಯಾರ ಮಾತನ್ನು ಕೇಳಬಾರದು ಅಂತ ತೀರ್ಮಾನ ಮಾಡುವುದು ಎಷ್ಟು ಕಷ್ಟ ಅಂತ ಅದನ್ನು ಮಾಡಿದವರಿಗೇ ಗೊತ್ತು. ಜಾಸ್ತಿ ಗಲಾಟೆ ಮಾಡುವ ಗ್ರಾಹಕರ ಪಟ್ಟಿಯೇ ರೋಡ್‌ಮ್ಯಾಪ್ ಆಗಿಬಿಟ್ಟ ಕಂಪನಿಗಳು ಬೇಕಾದಷ್ಟಿವೆ.

ಇನ್ನು ಲೋಗೋ, ಬ್ರ್ಯಾಂಡ್ ಬಣ್ಣ, ಟ್ಯಾಗ್‌ಲೈನ್, ಲಾಂಚ್ ಪಾರ್ಟಿ. ಕೂಸು ಹುಟ್ಟುವ ಮುಂಚೆ ಕುಲಾವಿ. ಇದರ ಬಗ್ಗೆ ಇಷ್ಟು ಸಾಕು.

ಹೋಮ್‌ಪೇಜ್ ವಿಷಯ ಮಾತ್ರ ಬೇರೆ. ಅದನ್ನು ಕೋಡ್‌ಗಿಂತ ಮುಂಚೆ ಬರೆಯಬೇಕು ಅನ್ನುವುದು ನನ್ನ ವಾದ. ಇದು ಯಾರಿಗೆ, ಅವರ ಯಾವ ಕಷ್ಟ ತಪ್ಪುತ್ತದೆ, ಬೆಲೆ ಎಷ್ಟು. ಮೂರು ವಾಕ್ಯ. ಇಷ್ಟು ಬರೆಯಲು ಆಗದಿದ್ದರೆ ಏನು ಕಟ್ಟುತ್ತಿದ್ದೇವೆ ಅಂತ ತಂಡಕ್ಕೇ ಗೊತ್ತಿಲ್ಲ ಅಂತಲೇ ಅರ್ಥ. ಆಗ ಹುಟ್ಟುವುದೇ "ಎಐ ಚಾಲಿತ, ಮುಂದಿನ ತಲೆಮಾರಿನ, ಸಮಗ್ರ ಪರಿಹಾರ" ಅನ್ನುವ ಸಾಲು. (ಹತ್ತು ಕಂಪನಿಗಳ ಹೋಮ್‌ಪೇಜ್ ತೆಗೆದು ಲೋಗೋ ಮುಚ್ಚಿ ಓದಿ. ಯಾವುದು ಯಾರದು ಅಂತ ಹೇಳಿದರೆ ನಿಮಗೆ ನಮಸ್ಕಾರ.) ಒಳ್ಳೆಯ ಸಾಲುಗಳು ಗ್ರಾಹಕರ ಬಾಯಲ್ಲೇ ಇರುತ್ತವೆ. ತಮ್ಮ ಕಷ್ಟವನ್ನು ಸಹೋದ್ಯೋಗಿಗೆ ಹೇಗೆ ಹೇಳಿಕೊಳ್ಳುತ್ತಾರೋ ಹಾಗೇ ಬರೆದುಕೊಂಡು ಬಂದು ಹಾಕಿ.

ಜಾಹೀರಾತಿನ ವಿಷಯಕ್ಕೆ ಬರೋಣ. ಡ್ರಾಪ್‌ಬಾಕ್ಸ್ ಶುರುವಿನಲ್ಲಿ ಗೂಗಲ್ ಜಾಹೀರಾತು ಪ್ರಯತ್ನಿಸಿತ್ತು. ವರ್ಷಕ್ಕೆ 99 ಡಾಲರ್‌ನ ಪ್ರಾಡಕ್ಟ್‌ಗೆ ಒಬ್ಬ ಗ್ರಾಹಕರನ್ನು ತರಲು 233ರಿಂದ 388 ಡಾಲರ್ ಖರ್ಚಾಗುತ್ತಿತ್ತು. ಕಾರಣ ಅವರ ಜಾಹೀರಾತು ಕೆಟ್ಟದಾಗಿತ್ತು ಅಂತಲ್ಲ. ಇಂಥದ್ದೊಂದು ಇದೆ ಅಂತಲೇ ಜನರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಸರ್ಚ್‌ನಲ್ಲಿ ಯಾರು ಹುಡುಕುತ್ತಾರೆ? ಅವರಿಗೆ ಕೆಲಸ ಮಾಡಿದ್ದು ಬೇರೆ ಎರಡು. 2008ರಲ್ಲಿ, ಸುದ್ದಿ ಲಿಂಕ್‌ಗಳನ್ನು ಹಂಚಿಕೊಳ್ಳುವ ಡಿಗ್ ಸೈಟ್‌ನ ಜನರಿಗೆ ಅಂತಲೇ, ಅವರಿಗೆ ಮಾತ್ರ ಹೊಳೆಯುವ ತಮಾಷೆಗಳನ್ನು ಒಳಗೆ ಅಡಗಿಸಿ ಮಾಡಿದ ಪುಟ್ಟ ಡೆಮೊ ವಿಡಿಯೋ. ಕಾಯುವವರ ಪಟ್ಟಿ ಒಂದೇ ರಾತ್ರಿಯಲ್ಲಿ 5,000ದಿಂದ 75,000ಕ್ಕೆ ಹಾರಿತು. ಇನ್ನೊಂದು, ಸ್ನೇಹಿತರನ್ನು ಕರೆತಂದರೆ ಇಬ್ಬರಿಗೂ ಹೆಚ್ಚುವರಿ ಸ್ಟೋರೇಜ್. 2008ರ ಸೆಪ್ಟೆಂಬರ್‌ನಲ್ಲಿ 1 ಲಕ್ಷ ಇದ್ದ ಬಳಕೆದಾರರು 2010ರ ಜನವರಿಗೆ 40 ಲಕ್ಷ ಆದರು. ಬಹುಮಾನವಾಗಿ ದುಡ್ಡನ್ನಲ್ಲ, ಪ್ರಾಡಕ್ಟ್‌ನದ್ದೇ ಒಂದು ತುಂಡನ್ನು ಕೊಟ್ಟರು ಅನ್ನುವುದು ಇಲ್ಲಿ ಗಮನಿಸಬೇಕಾದ್ದು. ಆ ಜಾಗ ಬೇಕಾದವರೇ ಸ್ನೇಹಿತರನ್ನು ಕರೆತರುತ್ತಾರೆ.

ಬಳಸುವವರೇ ಇನ್ನೊಬ್ಬರನ್ನು ಕರೆತರುವ ಈ ದಾರಿಯನ್ನು ಇನ್ನೂ ಹಿಂದೆ ಹಾಟ್‌ಮೇಲ್ ಮಾಡಿ ತೋರಿಸಿತ್ತು. ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ 1996ರ ಜುಲೈ 4ರಂದು ಶುರು ಮಾಡಿದ್ದು. ಹೋಗುವ ಪ್ರತಿ ಮೇಲ್‌ನ ಕೆಳಗೆ, ನಿಮಗೂ ಉಚಿತ ಈಮೇಲ್ ಬೇಕಾದರೆ ಇಲ್ಲಿಗೆ ಬನ್ನಿ ಅನ್ನುವ ಒಂದು ಸಾಲು. ಒಂದೂವರೆ ವರ್ಷದಲ್ಲಿ ಸುಮಾರು 1 ಕೋಟಿ ಜನ. ಬಳಸುವುದೇ ಪ್ರಚಾರವಾಯಿತು. ಇದರ ಪೂರ್ತಿ ಉಲ್ಟಾ ಕ್ವಿಬಿ, ಮೊಬೈಲ್‌ನಲ್ಲಿ ನೋಡಲು ಅಂತಲೇ ಪುಟ್ಟ ಶೋಗಳನ್ನು ಕೊಡುತ್ತಿದ್ದ ಆ್ಯಪ್. ಅದೇನು ಬಡ ಸ್ಟಾರ್ಟಪ್ ಅಲ್ಲ, ಸುಮಾರು 175 ಕೋಟಿ ಡಾಲರ್ ಬಂಡವಾಳ, ಹಾಲಿವುಡ್ ಹೆಸರುಗಳು, ಅಮೆರಿಕದ ದೊಡ್ಡ ಫುಟ್‌ಬಾಲ್ ಫೈನಲ್ ಸೂಪರ್ ಬೌಲ್‌ನಲ್ಲಿ ಜಾಹೀರಾತು. 2020ರ ಏಪ್ರಿಲ್‌ನಲ್ಲಿ ಶುರುವಾದಾಗ ಅದರ ಶೋಗಳ ಸ್ಕ್ರೀನ್‌ಶಾಟ್ ತೆಗೆದು ಹಂಚಿಕೊಳ್ಳಲೂ ಆಗುತ್ತಿರಲಿಲ್ಲ. ಇಷ್ಟಪಟ್ಟವರು ಇನ್ನೊಬ್ಬರಿಗೆ ತೋರಿಸುವ ದಾರಿಯನ್ನೇ ಮುಚ್ಚಿಟ್ಟು ಜಾಹೀರಾತಿಗೆ ದುಡ್ಡು ಸುರಿದಿದ್ದರು. ಅದೊಂದೇ ಕಾರಣಕ್ಕೆ ಮುಳುಗಿತು ಅನ್ನುವುದಿಲ್ಲ, ಕಾರಣಗಳು ಹಲವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು.

ಈಗ ಎಐ ಬಂದು ಕೋಡ್ ಬರೆಯುವುದು ಬಹಳ ಅಗ್ಗವಾಗಿದೆ. ತಿಂಗಳ ಕೆಲಸ ವಾರದಲ್ಲಿ ಆಗುತ್ತದೆ. ಯಾರಿಗೂ ಬೇಡದ್ದನ್ನು ಕಟ್ಟುವುದೂ ಅಷ್ಟೇ ಬೇಗ ಆಗುತ್ತದೆ ಅನ್ನುವುದನ್ನು ಮರೆಯುತ್ತೇವೆ. ನಿಮ್ಮದೇ ಐಡಿಯಾ ಇನ್ನೂ ಎಷ್ಟೋ ಜನರ ಬಳಿ ಪ್ರಾಡಕ್ಟ್ ಆಗಿ ನಿಂತಿರುತ್ತದೆ. ಮೊದಲ ನೂರು ಜನರನ್ನು ಹುಡುಕುವ ಕಷ್ಟ ಮಾತ್ರ ಒಂದಿಷ್ಟೂ ಕಡಿಮೆಯಾಗಿಲ್ಲ.

ಹಾಗಾದರೆ ಮಾರಾಟಕ್ಕೆ ಅಂತ ಜನರನ್ನು ತಗೊಳ್ಳುವುದೇ ಬೇಡವಾ? ಬೇಕು. ಯಾವಾಗ ಅನ್ನುವುದು ಪ್ರಶ್ನೆ. ಸ್ನೇಹಿತರು, ನೆಂಟರು, ಹಳೆಯ ಕಂಪನಿಯವರನ್ನು ಬಿಟ್ಟು ಅಪರಿಚಿತರು ದುಡ್ಡು ಕೊಟ್ಟು ಕೊಂಡಿರಬೇಕು. ಅವರಲ್ಲಿ ಬಹುಪಾಲು ಮೂರು ತಿಂಗಳಾದರೂ ಬಳಸುತ್ತಿರಬೇಕು. ಯಾರಿಗೆ ಮಾರಬೇಕು, ಅವರು ಏನು ಆಕ್ಷೇಪ ಎತ್ತುತ್ತಾರೆ, ಯಾವ ಉತ್ತರಕ್ಕೆ ಒಪ್ಪುತ್ತಾರೆ ಅಂತ ಫೌಂಡರ್ ಒಂದು ಪುಟದಲ್ಲಿ ಬರೆದುಕೊಡುವಂತಿರಬೇಕು. ಆ ಪುಟ ಇಲ್ಲದೆ ದೊಡ್ಡ ಸಂಬಳಕ್ಕೆ ಬಂದ ಸೇಲ್ಸ್ ಹೆಡ್, ಎಷ್ಟೇ ಅನುಭವಿಯಾಗಿದ್ದರೂ, ಒಂದು ವರ್ಷದೊಳಗೆ ಹೊರಟು ಹೋಗುತ್ತಾರೆ. ತಪ್ಪು ಅವರ ಮೇಲೆ ಬೀಳುತ್ತದೆ. ಪಾಪ, ಮಾರಲು ಏನಿದೆ ಅಂತ ಅವರಿಗೆ ಯಾರೂ ಹೇಳಿರಲೇ ಇಲ್ಲ.