ಸತ್ಯಾಂಶ: ಕುಂಡದ ತಳಕ್ಕೆ ಜಲ್ಲಿ ಹಾಕಬೇಕಾ?

ಮಳೆಗಾಲ ಬಂತೆಂದರೆ ಮುಂಬೈ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಸುತ್ತುತ್ತದೆ: ಕುಂಡದ ತಳಕ್ಕೆ ಜಲ್ಲಿ ಹಾಕಿ, ಬೇರು ಕೊಳೆಯಲ್ಲ. ಇದು ಸರಿಯಲ್ಲ. ಕಳಿಸುವವರನ್ನು ದೂರಬೇಕಿಲ್ಲ, ಕೇಳಿದರೆ ಯಾರಿಗಾದರೂ ಹೌದೆನಿಸುತ್ತದೆ.

ಆದರೆ ನುಣ್ಣನೆಯ ಮಣ್ಣು ಪೂರ್ತಿ ನೆನೆಯುವ ತನಕ ನೀರು ಜಲ್ಲಿಯ ದೊಡ್ಡ ಸಂದಿಗೆ ಇಳಿಯುವುದೇ ಇಲ್ಲ, ಹಾಗಾಗಿ ಒದ್ದೆ ಪದರ ಮೇಲಕ್ಕೆ, ಬೇರಿನ ಹತ್ತಿರಕ್ಕೇ ಬರುತ್ತದೆ. ಸುಮ್ನೆ ಬಾಲ್ಕನಿ ಗ್ರಿಲ್‌ಗೂ ಭಾರ.

ನೀವೇ ನೋಡಬಹುದು. ಒಂದೇ ಅಳತೆಯ ಎರಡು ಕುಂಡ, ಅದೇ ಮಣ್ಣು, ಅಷ್ಟೇ ನೀರು, ಒಂದಕ್ಕೆ ಮಾತ್ರ ಜಲ್ಲಿ. ಮಾರನೇ ದಿನ ಎರಡರಲ್ಲೂ ಒಂದೇ ಆಳಕ್ಕೆ ಕಡ್ಡಿ ಚುಚ್ಚಿ ತೇವ ಹೋಲಿಸಿ. ತೋಟದ ಯಾವ ಟಿಪ್ಸ್ ಬಂದರೂ ಹೀಗೇ ಒಂದೇ ಒಂದು ವಿಷಯ ಬದಲಿಸಿ ನೋಡಿದರಾಯ್ತು.

ಮಣ್ಣಿಗೇ ದಪ್ಪ ಮರಳೋ ಪರ್ಲೈಟೋ (ಹಗುರವಾದ ಬಿಳಿ ಹರಳು) ಬೆರೆಸಿ, ಕುಂಡದ ತಳದ ತೂತು ಕಟ್ಟದಂತೆ ನೋಡಿಕೊಳ್ಳಿ.