ಗಂಟು ಬಿದ್ದ ದಾರದ ಯುದ್ಧ

ನಮ್ಮನೆ ಟೇಬಲ್ ಫ್ಯಾನಿನ ಕತ್ತು ಮುರಿದು ವರ್ಷವಾಯಿತು. ಹಳೇ ಲಂಗದ ಲಾಡಿಯಲ್ಲಿ ಕಿಟಕಿ ಸರಳಿಗೆ ಬಿಗಿದಿದ್ದೇನೆ. ಲಾಡಿ ಗಿಡ್ಡವಾಯಿತೆಂದು ಅದಕ್ಕೊಂದು ಸಣಬಿನ ಹುರಿ ಗಂಟು ಹಾಕಿದ್ದೂ ಆಯಿತು. ಮನೆಗೆ ಬಂದವರೆಲ್ಲ ನೋಡಿ ನಗುತ್ತಾರೆ. ನನಗೆ ಮಾತ್ರ ಆ ಗಂಟು ಕಂಡಾಗಲೆಲ್ಲ ಇಂಗ್ಲೆಂಡಿನ ವ್ಯಂಗ್ಯಚಿತ್ರಕಾರ ವಿಲಿಯಂ ಹೀತ್ ರಾಬಿನ್ಸನ್ ನೆನಪಾಗುತ್ತಾನೆ.

1872ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು. ಅಪ್ಪ ಚಿತ್ರಕಾರ, ಇಬ್ಬರು ಅಣ್ಣಂದಿರೂ ಅದೇ ಕಸುಬು. ಇವನಿಗೆ ನಿಸರ್ಗದ ಚಿತ್ರ ಬರೆಯುವ ಆಸೆಯಿತ್ತು, ಹೊಟ್ಟೆಪಾಡು ಕೇಳಬೇಕಲ್ಲ! ಕೊನೆಗೆ ಹೆಸರಾದದ್ದು ಕೊಂಕಣ ಸುತ್ತಿ ಮೈಲಾರಕ್ಕೆ ಬರುವಂಥ ಯಂತ್ರಗಳ ಚಿತ್ರಗಳಿಂದ. ಚಿಟಿಕೆ ಹೊಡೆಯುವಷ್ಟು ಕೆಲಸಕ್ಕೆ ರಾಟೆ, ಚಕ್ರ, ಕೆಟಲ್ಲು, ಮೇಣದಬತ್ತಿ, ಮೈತುಂಬ ಗಂಟು ಬಿದ್ದ ದಾರ.

ಮೊದಲ ಮಹಾಯುದ್ಧ ಶುರುವಾದಾಗ ಇದೇ ಸಾಮಾನನ್ನು ರಣರಂಗಕ್ಕೆ ಹೊತ್ತುಕೊಂಡು ಹೋದ. ಶತ್ರುವಿನ ಬಯೊನೆಟ್ಟುಗಳ ತುದಿ ಸುರುಳಿ ಸುತ್ತಿಸಿ ಉಕ್ಕಿನ ಹದ ಕೆಡಿಸಲು ಒಂದು ಯಂತ್ರ. ಶತ್ರುವಿನ ಕಾಲ್ಬೆರಳು ತುಳಿಯಲೆಂದೇ ಕವಚ ತೊಡಿಸಿದ ಇನ್ನೊಂದು. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಊರಿನ ಬಳಿ ಜರ್ಮನರು ಕ್ಲೋರಿನ್ ವಿಷಾನಿಲ ಬಿಟ್ಟರು. ಅದೇ ವರ್ಷ ಇವನ ಚಿತ್ರದ ಜರ್ಮನರು ಸೈಫನ್ನುಗಳಿಂದ ನಗೆ ಅನಿಲ ಚಿಮ್ಮಿಸಿ ಬ್ರಿಟಿಷ್ ಸಿಪಾಯಿಗಳನ್ನು ಕೆಡವುತ್ತಿದ್ದಾರೆ. ಇದು ತೀರಾ ಆಯಿತು ಅಂತ ಮೊದಮೊದಲು ನನಗೂ ಅನಿಸಿತ್ತು. ಆದರೆ ಇವನಿಗೆ ಪತ್ರ ಬರೆದು ಹೊಸ ಹೊಸ ಐಡಿಯಾ ಕೊಡುತ್ತಿದ್ದವರಲ್ಲಿ ಕಂದಕದೊಳಗಿದ್ದ ಸೈನಿಕರೇ ಇದ್ದರು. ಅವರು ನಕ್ಕಮೇಲೆ ಸೋಫಾ ಮೇಲೆ ಕೂತ ನಾನ್ಯಾವ ದೊಣ್ಣೆನಾಯಕ?

ಇಂಥದೇ ಯಂತ್ರಗಳನ್ನು ಬರೆದ ಅಮೆರಿಕದ ವ್ಯಂಗ್ಯಚಿತ್ರಕಾರ ರೂಬ್ ಗೋಲ್ಡ್‌ಬರ್ಗ್ ಜತೆ ಇವನನ್ನು ಒಂದೇ ತಕ್ಕಡಿಯಲ್ಲಿ ತೂಗುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗೋಲ್ಡ್‌ಬರ್ಗ್ ಇಂಜಿನಿಯರಿಂಗ್ ಓದಿದವನು. ಅವನ ಯಂತ್ರದಲ್ಲಿ ಒಂದು ಇನ್ನೊಂದನ್ನು ತಳ್ಳಿ, ಅದು ಮತ್ತೊಂದನ್ನು ಎಳೆದು, ಸರಸರ ಕೆಲಸ ಮುಗಿಯುತ್ತದೆ. ರಾಬಿನ್ಸನ್ನನ ಯಂತ್ರಕ್ಕೆ ಆಳು ಬೇಕು. ಬೊಜ್ಜು ಬಂದ, ಕನ್ನಡಕದ, ಬೋಳುತಲೆಯ ಗಂಡಸರು ಹಗ್ಗ ಜಗ್ಗುತ್ತಾ ನಿಂತಿರುತ್ತಾರೆ. ಒಬ್ಬನ ಮುಖದಲ್ಲಾದರೂ ನಗುವಿದೆಯೇ? ಸತ್ಯನಾರಾಯಣ ಪೂಜೆಗೆ ಕೂತವರ ಗಾಂಭೀರ್ಯ! ನಗು ಬರುವುದು ಯಂತ್ರದಿಂದಲ್ಲ, ಆ ಮುಖಗಳಿಂದ. ಜರ್ಮನರಿಗೂ ಬ್ರಿಟಿಷರಿಗೂ ಅವನು ಕೊಟ್ಟದ್ದು ಅದೇ ಮುಖ. ದ್ವೇಷದ ಪೋಸ್ಟರುಗಳ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ತಮಾಷೆಯೆಂದರೆ, ನಿಜವಾದ ಯುದ್ಧ ಇವನನ್ನು ಮೀರಿಸುತ್ತಿತ್ತು. 1915ರ ಡಿಸೆಂಬರಿನಲ್ಲಿ ತುರ್ಕಿಯ ಗಲಿಪೊಲಿಯಿಂದ ಬ್ರಿಟಿಷ್ ಕಡೆಯ ಸೈನ್ಯ ಗುಟ್ಟಾಗಿ ಜಾಗ ಖಾಲಿ ಮಾಡುವಾಗ, ಕಂದಕದಲ್ಲಿ ಇನ್ನೂ ಜನರಿದ್ದಾರೆಂದು ತುರ್ಕರು ನಂಬಬೇಕಿತ್ತು. ವಿಲಿಯಂ ಸ್ಕರಿ ಎಂಬ ಆಸ್ಟ್ರೇಲಿಯಾದ ಸೈನಿಕ ಎರಡು ಡಬ್ಬಿ ತಗೊಂಡ. ಮೇಲಿನದಕ್ಕೆ ತೂತು, ತೊಟ್ಟಿಕ್ಕುವ ನೀರು ಕೆಳಗಿನದಕ್ಕೆ ಬೀಳುತ್ತದೆ. ಆ ಕೆಳಗಿನ ಡಬ್ಬಿಯಿಂದ ಬಂದೂಕಿನ ಕುದುರೆಗೊಂದು ದಾರ. ನೀರು ತುಂಬಿ ಭಾರವಾದಾಗ ಢಂ! ಹಾರಿಸಿದವನು ಅಷ್ಟೊತ್ತಿಗೆ ದೋಣಿಯ ದಾರಿ ಹಿಡಿದಿರುತ್ತಿದ್ದ. ಇದು ಕೆಲಸ ಮಾಡಿತು.

ಕೆಲಸ ಮಾಡದ್ದು ದುಡ್ಡು ಸುರಿದ ಯಂತ್ರಗಳು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ತಜ್ಞರು ಗ್ರೇಟ್ ಪಂಜಾಂಡ್ರಮ್ ಎಂಬ ದೈತ್ಯ ಜೋಡಿಚಕ್ರ ಮಾಡಿದರು. ಚಕ್ರದ ಅಂಚಿನ ಸುತ್ತ ರಾಕೆಟ್ಟುಗಳು, ನಡುವೆ ಸಿಡಿಮದ್ದು ತುಂಬುವ ಪೀಪಾಯಿ. ಉರುಳಿ ಹೋಗಿ ಶತ್ರುವಿನ ಕಾಂಕ್ರೀಟ್ ಗೋಡೆ ಒಡೆಯಬೇಕು. ಡೆವನ್ ಕಡಲತೀರದಲ್ಲಿ ಪರೀಕ್ಷೆಗೆ ಬಿಟ್ಟರೆ, ರಾಕೆಟ್ಟುಗಳು ಕಿತ್ತುಕೊಂಡು ಹಾರಿ, ಚಕ್ರ ದಿಕ್ಕು ತಪ್ಪಿ, ನೋಡಲು ಬಂದ ದೊಡ್ಡ ದೊಡ್ಡ ಅಧಿಕಾರಿಗಳ ಕಡೆಗೇ ತಿರುಗಿತು. ಇದನ್ನು ರಾಬಿನ್ಸನ್ ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು.

1943ರಲ್ಲಿ ಬ್ರಿಟಿಷರ ಗುಪ್ತ ಸಂಕೇತ ಕೇಂದ್ರವಾದ ಬ್ಲೆಚ್ಲಿ ಪಾರ್ಕ್‌ನಲ್ಲಿ ಜರ್ಮನ್ ಸಂಕೇತ ಒಡೆಯಲು ಒಂದು ಯಂತ್ರ ಬಂತು. ಕಾಗದದ ಎರಡು ಟೇಪುಗಳು ರಾಟೆಗಳ ಮೇಲೆ ಜೊತೆಜೊತೆಗೇ, ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಅಕ್ಷರಗಳ ವೇಗದಲ್ಲಿ ಓಡಬೇಕು. ಟೇಪು ಹಿಗ್ಗುವುದು, ಹರಿಯುವುದು, ತಾಳ ತಪ್ಪುವುದು. ಅಲ್ಲಿದ್ದವರು ಅದನ್ನು ಕರೆದದ್ದೇ ‘ಹೀತ್ ರಾಬಿನ್ಸನ್’ ಅಂತ. ಮುಂದಿನ ವರ್ಷ ಕೊಲೊಸಸ್ ಎಂಬ ಹೊಸ ಯಂತ್ರ ಬಂದು ಎರಡನೇ ಟೇಪಿನ ಕಾಟ ತಪ್ಪಿಸಿತು. ಅದೇ 1944ರ ಸೆಪ್ಟೆಂಬರಿನಲ್ಲಿ ರಾಬಿನ್ಸನ್ ತೀರಿಕೊಂಡ. ಬ್ಲೆಚ್ಲಿಯ ಗುಟ್ಟು ಹೊರಬಿದ್ದದ್ದು 1970ರ ದಶಕದಲ್ಲಿ. ತನ್ನ ಹೆಸರಿನ ಯಂತ್ರವೊಂದು ನಿಜಕ್ಕೂ ಯುದ್ಧದಲ್ಲಿದೆ ಎಂದು ಅವನಿಗೆ ಯಾರು ಹೇಳಬೇಕಿತ್ತು?

ಅಂದಹಾಗೆ, ಆ ಟೇಪು ಓಡುತ್ತಿದ್ದ ಕಬ್ಬಿಣದ ಚೌಕಟ್ಟಿಗೆ ಅಲ್ಲಿಯವರು ಇಟ್ಟಿದ್ದ ಹೆಸರು ‘ಮಂಚ’.